ಗಂಗವ್ವ ಮೌಸ್ ತಿರುಗಿಸಿದ ಗಂಟೆ

ಮನೆಯಲ್ಲಿ ಕುಳಿತವರು ಕಚೇರಿಯವರಷ್ಟು ದುಡಿಯುವುದಿಲ್ಲ ಎಂಬುದು ನಮ್ಮ ಕಂಪನಿಯ ಸಂಶಯ. ಆದ್ದರಿಂದ, ತಿಕೋಟಾದ ಮನೆಯಿಂದ ಕೆಲಸ ಮಾಡುವ ನನ್ನ ಮೌಸ್ ಐದು ನಿಮಿಷ ಅಲುಗದಿದ್ದರೆ, ಅಧಿಕಾರಿಯ ಪರದೆಯಲ್ಲಿ ನನ್ನ ಹೆಸರು ಕೆಂಪಾಗುತ್ತದೆ. ಮೂರು ಸಲ ಕೆಂಪಾದರೆ ನೌಕರಿ ಇಲ್ಲ. ನನ್ನದು ಎರಡು ಸಲ ಆಗಿತ್ತು.

ಆ ದಿನದ ಕೆಲಸವನ್ನು ಮಧ್ಯಾಹ್ನಕ್ಕೇ ಮುಗಿಸಿ ಕಳುಹಿಸಿದ್ದೆ. ಮುಗಿದ ಕೆಲಸಕ್ಕೆ ಆ ಪರದೆಯಲ್ಲಿ ಬಣ್ಣವಿಲ್ಲ. ಊಟಕ್ಕೆ ಏಳುವ ಧೈರ್ಯವಾಗದೆ ಸುಮ್ಮನೆ ಮೌಸ್ ತಿರುಗಿಸುತ್ತ ಕುಳಿತಿದ್ದೆ. ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುವ ಪಕ್ಕದ ಮನೆಯ ಗಂಗವ್ವ ತನ್ನ ಊಟದ ಬಿಡುವಿನಲ್ಲಿ ಒಳಗೆ ಬಂದಳು.

“ಏನ್ ಬೀಸಾಕತ್ತೀಯವಾ? ಜ್ವಾಳಾನೂ ಇಲ್ಲ, ಹಿಟ್ಟೂ ಇಲ್ಲ!”

“ಕೆಲಸ ಮುಗದೈತಿ ಚಿಗವ್ವಾ. ಕೈ ನಿಂತ್ರ ನೌಕರಿ ಹೋಗ್ತೈತಿ.”

“ನಮ್ಮಲ್ಲಿ ಸಂಜಿಕ ಆರಿಸಿದ ಮಾಲ್ ನೋಡ್ತಾರ, ಕೈ ನೋಡಂಗಿಲ್ಲ. ಹೋಗ್, ಉಂಡ್ ಬಾ. ನಾ ತಿರುವತೇನಿ.”

ಮತ್ತೊಬ್ಬರ ಕೈಯೆಂದು ತಿಳಿದುಬಿಟ್ಟರೆ ಎಂಬ ಭಯದಲ್ಲೇ ರೊಟ್ಟಿ ತಿಂದೆ. ಗಂಗವ್ವ ತನ್ನ ಬಿಡುವಿನ ಗಂಟೆಯೆಲ್ಲ ಮೌಸ್ ತಿರುಗಿಸಿದಳು.

ಕಂಪನಿ ಕಳುಹಿಸಿದ ವಾರದ ವರದಿಯನ್ನು ತೆರೆದೆ. ಗಂಗವ್ವ ತಿರುಗಿಸಿದ ಗಂಟೆಯೇ ನನ್ನ ಅತ್ಯುತ್ತಮ ಗಂಟೆಯೆಂದು ಅದರಲ್ಲಿತ್ತು. ಇನ್ನು ಮುಂದೆ ಎಲ್ಲ ಗಂಟೆಗಳೂ ಹಾಗೆಯೇ ಇರಬೇಕೆಂದು ಅಧಿಕಾರಿ ಬರೆದಿದ್ದರು.

ಈಗ ನನ್ನ ಭಯ ಬೇರೆ. ಗಂಗವ್ವನಿಗೆ ಬಿಡುವಿರುವುದು ಊಟದ ಹೊತ್ತಿನಲ್ಲಿ ಮಾತ್ರ.