ಅವ್ವನ ಮುಖಕ್ಕೆ ಸುಣ್ಣ

ಅವ್ವನ ಒಂದು ಫೋಟೊಗೆ ನಾನು ಮೂರು ಸಲ ದುಡ್ಡು ಕೊಟ್ಟೆ. ಫೋನಿನಲ್ಲಿ ಫಳಫಳ ಹೊಳೆಯುತ್ತಿದ್ದ ಅವಳ ಮುಖ ಪ್ರಿಂಟಿನಲ್ಲಿ ಕಪ್ಪಾಗಿ ಬಂದದ್ದೇ ಕಾರಣ.

ಮಾರನೇ ದಿನ ಕೊರಟಗೆರೆಯಲ್ಲಿ ನನ್ನ ಸೀರೆ ಅಂಗಡಿಯ ಪೂಜೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅವ್ವನ ಫೋಟೊ ಹಾಕಲೇಬೇಕೆಂಬ ಹಠ ನನಗೆ. ಮೊದಲ ಪ್ರಿಂಟ್ ನೋಡಿದವಳೇ ಸ್ಟುಡಿಯೋದವರ ಮೇಲೆ ಹರಿಹಾಯ್ದೆ. ಅವರು ನನ್ನ ಫೋನ್ ಇಸ್ಕೊಂಡು, "ಬ್ರೈಟ್‌ನೆಸ್ ಫುಲ್ ಇಟ್ಟಿದೀರ ಮೇಡಂ. ಪೇಪರಿನ ಹಿಂದೆ ಲೈಟ್ ಹಾಕಕ್ಕಾಗುತ್ತಾ?" ಎಂದರು. ಮನೆಮನೆಗೆ ಸೀರೆ ಹೊತ್ತು ಮಾರಿ ಪಳಗಿದ ನಾನು ಅಷ್ಟಕ್ಕೆಲ್ಲ ಬಗ್ಗುತ್ತೇನೆಯೇ? ಎರಡು ಸಲ ಬೆಳ್ಳಗೆ ಮಾಡಿಸಿ, ಮೂರನೆಯದಕ್ಕೆ ಐವತ್ತು ರೂಪಾಯಿ ಬಿಡಿಸಿಕೊಂಡು, ಗೆದ್ದೆನೆಂದು ಮನೆಗೆ ಬಂದೆ.

ಅವ್ವ ಕನ್ನಡಕ ಏರಿಸಿ ನೋಡಿದಳು. "ಯಾರೇ ಇವ್ಳು?"

"ನೀನೇ ಕಣವ್ವ."

"ಬಿಸ್ಲಲ್ಲಿ ಕಡ್ಲೆಕಾಯಿ ಕಿತ್ತ ಮುಖ ಕಣಮ್ಮ ನಂದು. ಅದಕ್ಕೆ ಸುಣ್ಣ ಹೊಡಿಸ್ಕೊಂಡ್ ಬಂದಿದ್ದೀಯಲ್ಲ!"

ನನ್ನ ಚೀಲ ತಡಕಿ, ನಾನು ಬೈದು ಬದಿಗಿಟ್ಟಿದ್ದ ಮೊದಲ ಪ್ರಿಂಟನ್ನೇ ಈಚೆ ತೆಗೆದಳು. "ಇದನ್ನ ಹಾಕ್ಕೋ. ಹಾರ ಮಾತ್ರ ಹಾಕ್ಬುಟ್ಟೀಯ, ಇನ್ನೂ ಬದುಕಿವ್ನಿ!"

ಈಗ ಅಂಗಡಿಗೆ ಬಂದವರೆಲ್ಲ ಆ ಫೋಟೊ ನೋಡಿ, "ಥೇಟ್ ನಿಮ್ಮವ್ವನೇ" ಅನ್ನುತ್ತಾರೆ. ನೀವೂ ಪ್ರಿಂಟ್ ಹಾಕಿಸುವ ಮುಂಚೆ ಫೋನಿನ ಬೆಳಕನ್ನು ಅರ್ಧಕ್ಕಿಳಿಸಿ ನೋಡಿ. ಮೊದಲು ಒಂದೇ ಒಂದು ಚಿಕ್ಕ ಕಾಪಿ ತೆಗೆಸಿ, ಬಾಗಿಲಿಗೆ ಬಂದು ಹಗಲು ಬೆಳಕಿನಲ್ಲಿ ಹಿಡಿಯಿರಿ. ಆಮೇಲೆ ಫೋಟೊದಲ್ಲಿರುವವರಿಗೇ ತೋರಿಸಿ. ಸ್ಟುಡಿಯೋದವರ ಜೊತೆ ಜಗಳಕ್ಕೆ ಅದಾದ ಮೇಲೆ ಹೋದರೂ ತಡವೇನಿಲ್ಲ.