ಗಂಗಮ್ಮನ ಹೆಸರಿನ ಕಂಪನಿ

ಆ ಕಂಪನಿ ಗಂಗಮ್ಮನದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳದೇ ಎಂದು ಸಹಿ ಹಾಕಿದೆ. ಮಧುಗಿರಿಯಲ್ಲಿ ಲೆಕ್ಕಪರಿಶೋಧಕನೆಂದು ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದವನಿಗೆ ಇದನ್ನು ಬರೆಯಲು ಕೈ ತಡೆಯುತ್ತದೆ — ಆದರೂ ಬರೆಯುತ್ತೇನೆ.

ಗಂಗಮ್ಮ ಚನ್ನರಾಯನದುರ್ಗದ ಕಡೆಯವಳು, ಕುರಿ ಸಾಕಿ ಬದುಕುತ್ತಿದ್ದ ಒಂಟಿ ಹೆಂಗಸು. ಅವಳನ್ನು ನನ್ನ ಕಚೇರಿಗೆ ಕರೆತಂದವನು ಆಂಜನೇಯಲು — ಪಾವಗಡದ ಜಮೀನು ವ್ಯಾಪಾರಿ, ನನ್ನ ಹಳೆಯ ಕಕ್ಷಿದಾರ. ಸೋಲಾರ್ ವಿದ್ಯುತ್ ಪಾರ್ಕ್ ಬಂದ ಮೇಲೆ ಆ ಕಡೆಯ ನೆಲಕ್ಕೆ ಬೆಲೆ ಬಂದಿತ್ತು. ಜಮೀನು ಕೊಳ್ಳಲು ಅವನಿಗೊಂದು ಕಂಪನಿ ಬೇಕಿತ್ತು. ತನ್ನ ಹೆಸರು ಮಾತ್ರ ಎಲ್ಲೂ ಕಾಣಬಾರದು.

ಅಕ್ರಮ ಹಣ ತಡೆಯುವ ಕಾನೂನು ಅಷ್ಟರಲ್ಲಿ ನಮ್ಮಂಥವರ ಬಾಗಿಲಿಗೂ ಬಂದಿತ್ತು. ಕಂಪನಿ ಕಟ್ಟಿಕೊಡುವಾಗ ಅದರ ನಿಜವಾದ ಒಡೆಯ ಯಾರೆಂದು ವಿಚಾರಿಸಬೇಕು. ಅನುಮಾನ ಬಂದರೆ ಸರ್ಕಾರಕ್ಕೆ ವರದಿ ಮಾಡಬೇಕು, ಮಾಡಿದ್ದನ್ನು ಯಾರಿಗೂ ಹೇಳಬಾರದು. ನನಗೆ ಬಂದದ್ದು ಅನುಮಾನವಲ್ಲ, ಖಾತ್ರಿಯೇ ಇತ್ತು. ಆದರೆ ಆಂಜನೇಯಲು ಮುನಿದರೆ ಪಾವಗಡದ ಕಡೆಯ ಅಷ್ಟೂ ಜನ ನನ್ನ ಕಚೇರಿ ಬಿಡುತ್ತಾರೆ — ಅಷ್ಟೇ ಯೋಚಿಸಿದೆ.

ಕಂಪನಿಯ ಕಾಗದಕ್ಕೆಂದು ಫೋಟೊಗೆ ಕೂರುವ ಮೊದಲು ಗಂಗಮ್ಮ ಕೇಳಿದಳು, "ಇದು ಕುರಿ ಶೆಡ್ಡಿನ ಲೋನಿಗೇ ತಾನೇ? ನಂಗೇನೂ ತೊಂದ್ರೆ ಆಗಕ್ಕಿಲ್ವಾ?"

"ಭಯಂ ಎಂದುಕಮ್ಮಾ, ಭಯ ಯಾಕೆ? ಸಾರ್ ಇದ್ದಾರಲ್ಲ!" ಎಂದು ಆಂಜನೇಯಲು ತನ್ನ ತೆಲುಗು ಬೆರೆಸಿ ನಕ್ಕ.

ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಏನಿಲ್ಲ ಕಣಮ್ಮ," ಎಂದೆ.

ಎರಡು ವರ್ಷ ಕಳೆದ ಮೇಲೆ ತನಿಖೆಯವರು ಅವಳ ಮನೆ ಹುಡುಕಿಕೊಂಡು ಹೋದರು. ಅವಳ ಬ್ಯಾಂಕಿನ ಖಾತೆಯನ್ನು ತಡೆಹಿಡಿದರು. ಊರಿನವರು ಕಳ್ಳದುಡ್ಡಿನ ಒಡತಿ ಎಂದು ಆಡಿಕೊಂಡರು. ವಿಚಾರಣೆಗೆಂದು ತುಮಕೂರಿಗೆ ಅಲೆದಲೆದು, ಕೊನೆಗೆ ಕಾಯುವವರಿಲ್ಲದೆ ಕುರಿಗಳನ್ನು ಸಿಕ್ಕಿದ ಬೆಲೆಗೆ ಕೊಟ್ಟಳು. ಆಮೇಲೆ ನನ್ನಲ್ಲಿಗೆ ಬಂದಳು.

"ನೀವೇ ಕಣ್ಣಾರೆ ಕಂಡಿದ್ರಲ್ಲ ಸಾರ್. ನಂಗೇನೂ ಗೊತ್ತಿರ್ಲಿಲ್ಲ ಅಂತ ಅವರ ಹತ್ರ ಒಂದ್ ಮಾತ್ ಹೇಳ್ಬುಡಿ."

"ಕಾನೂನು ಅದೆ. ನಾನು ಬಾಯಿ ಬಿಡೋ ಹಂಗಿಲ್ಲಮ್ಮ," ಎಂದೆ.

ಆ ಗುಟ್ಟು ವರದಿ ಮಾಡಿದವನಿಗೆ ಇರುವ ಕಟ್ಟಳೆ. ವರದಿಯನ್ನೇ ಮಾಡದ ನಾನು ಅದರ ಹಿಂದೆ ಅಡಗಿಕೊಂಡೆ. ಸಹಿ ಹಾಕಿದ್ದು ಒಂದು ತಪ್ಪು. ಇದು — ಇದಕ್ಕೆ ನನ್ನಲ್ಲಿ ಹೆಸರಿಲ್ಲ. ಅವಳು ನಂಬಿದಳು. ಕೈಮುಗಿದು ಹೋದಳು.

ಆ ಮುಗಿದ ಕೈಗಳನ್ನು ಮರೆಯಲಾಗದೆ, ಹೋದ ತಿಂಗಳು ನಾನಾಗಿಯೇ ತನಿಖೆಯವರ ಮುಂದೆ ಎಲ್ಲವನ್ನೂ ಹೇಳಿದೆ. ನನ್ನ ಮೇಲೀಗ ವಿಚಾರಣೆ ನಡೆಯುತ್ತಿದೆ, ನಡೆಯಬೇಕಾದದ್ದೇ. ಗಂಗಮ್ಮನ ಖಾತೆ ಬಿಡುಗಡೆಯಾಯಿತು. ತಿಳಿಸಲು ಹೋದಾಗ ಅವಳು ಯಾರದೋ ರಾಗಿ ಹೊಲದಲ್ಲಿ ಕೂಲಿಗೆ ಕಳೆ ತೆಗೆಯುತ್ತಿದ್ದಳು. ನಿಂತುಕೊಂಡೇ ಪೂರ್ತಿ ಕೇಳಿದಳು.

"ಅವತ್ತೇ ಹೇಳಿದ್ರೆ ಕುರಿ ಉಳಿಯೋವು ಸಾರ್," ಎಂದಳು. ಕೋಪವಿರಲಿಲ್ಲ. ಮತ್ತೆ ಬಗ್ಗಿ ಕಳೆ ಕೀಳತೊಡಗಿದಳು.

ಕ್ಷಮಿಸು ಎನ್ನಲು ಬಾಯಿ ತೆರೆದೆ — ಕ್ಷಮೆಯನ್ನೂ ಅವಳಿಂದಲೇ ಕೇಳಿ ಪಡೆಯಬೇಕೆ ಎನಿಸಿ ಬದುವಿನ ಮೇಲೆಯೇ ನಿಂತೆ.