ಎಕ್ಸಿಲೇಟರ್ ಒತ್ತಿದವರು ಯಾರು?

ಶಹಾಬಾದಿನ ರಸ್ತೆಯಲ್ಲಿ ಕಲ್ಲು ಪಾಲಿಶ್ ಮಾಡುವ ಜಾಗಗಳ ಎದುರು ಬಿಳಿ ರಾಡಿಯ ಗುಡ್ಡೆಗಳಿರುತ್ತವೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು, ತಿಕ್ಕಿ, ತೊಳೆದ ಮೇಲೆ ಉಳಿಯುವ ಕಲ್ಲಿನ ಹಿಟ್ಟಿನ ಕೆಸರು. ಹೋದ ತಿಂಗಳು ಅಂಥದೊಂದು ಗುಡ್ಡೆಯಲ್ಲಿ ಹೊಸ ಕಾರೊಂದು ಮೂತಿ ಹುಗಿದುಕೊಂಡು ನಿಂತಿತ್ತು. ನಿಮ್ಮಲ್ಲಿ ಕೆಲವರು ನೋಡಿರಬಹುದು. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡವರಂತೂ ಬಹಳ ಮಂದಿ.

ಅದರ ಮುಂದಿನ ಸೀಟಿನಲ್ಲಿ ಕೂತಿದ್ದ ಮುದುಕಿ ನಾನು.

ನಡೆಸುತ್ತಿದ್ದವಳು ನನ್ನ ಸೊಸೆ ಮಹಾನಂದಾ. ಸೇಡಂನಿಂದ ಹೊರಟಿದ್ದೆವು, ಶಹಾಬಾದಿನಲ್ಲಿ ನನ್ನ ತಂಗಿಯ ಬಸುರಿ ಮೊಮ್ಮಗಳ ಕುಬಸ. ಹಂಪು ಬಂತು, ಸೊಸೆ ನಿಧಾನ ಮಾಡಿದಳು. ಹಂಪು ದಾಟಿತು, ಮತ್ತೆ ಎಕ್ಸಿಲೇಟರ್ ಒತ್ತಿದಳು. ಕಾರು ಗುರ್ ಅಂತು. ಆಮೇಲೆ ಅದು ಯಾರ ಮಾತೂ ಕೇಳಲಿಲ್ಲ.

"ಅತ್ತಿ, ಗಾಡಿ ನಿಲ್ಲವಲ್ತ್ರಿ," ಅಂದಳು.

"ಬ್ರೇಕ್ ಹಾಕು," ಅಂದೆ.

"ಹಾಕೀನ್ರಿ. ಕೆಳಗ ಹೋಗವಲ್ತು."

ಇಷ್ಟೇ ಮಾತು. ಕಿರುಚಲಿಕ್ಕೆ ಪುರಸೊತ್ತೂ ಇರಲಿಲ್ಲ. ಎದುರಿಗೆ ಚಹಾದ ಅಂಗಡಿ, ಬೆಂಚಿನ ಮೇಲೆ ಮಂದಿ. ಬಲಕ್ಕೆ ಫರ್ಸಿ ತುಂಬಿದ ಲಾರಿ. ಎಡಕ್ಕೆ ರಾಡಿ. ಸೊಸೆ ಎಡಕ್ಕೆ ಹೊರಳಿಸಿದಳು.

ಚಹಾದವನು ನೀರು ತಂದುಕೊಟ್ಟ. "ಯಾಕ್ರಿ ಮೇಡಮ್, ಗಾಡಿ ಈಗ ಕಲೀಲಿಕತ್ತೀರೇನು?" ಅಂತ ಕೇಳಿದ. ನಿನ್ನ ಬೆಂಚು ಉಳಿಯಲಿ ಅಂತಲೇ ಅವಳು ರಾಡಿಗೆ ಹೋಗಿದ್ದಾಳೆ ಮಾರಾಯ ಎಂದು ನಾನು ಹೇಳಿದೆ. ಅವನು ನಂಬಲಿಲ್ಲ. ನೀರಿನ ಲೋಟ ಮಾತ್ರ ಮರೆಯದೆ ವಾಪಸ್ ಇಸಕೊಂಡ.

ಯಾರಿಗೂ ಏನೂ ಆಗಲಿಲ್ಲ. ನನ್ನ ಮೊಣಕಾಲು ಒಂದಿಷ್ಟು ನೊಂದಿತು. ಅದು ಕಾರಿಲ್ಲದಿದ್ದರೂ ನೋಯುತ್ತಿತ್ತು.

ಇನ್ನು ಕಾರಿನ ವಿಷಯ. ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಗಾಡಿ. ಅದು ಮನೆಗೆ ಬಂದದ್ದೇ ಮಹಾನಂದಾಳ ಕೆಲಸಕ್ಕಾಗಿ. ಕೊಡ್ಲಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವಳು ಟೀಚರ್. ಬಸ್ಸಿನಲ್ಲಿ ಹೋದರೆ ಒಂದು ಇಳಿದು ಇನ್ನೊಂದು ಹತ್ತಬೇಕು, ಆಮೇಲೆ ಟಂಟಂ ಆಟೊ. ಎರಡನೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೆಡ್ಮಾಸ್ತರ ಗೇಟಿನಲ್ಲಿ ನಿಂತು ಗಡಿಯಾರ ನೋಡುತ್ತಾನೆ. ಅವನಿಗೆ ಬಸ್ಸಿನ ಕಥೆ ಬೇಡ. ಅದಕ್ಕೇ ಅವಳು ಡ್ರೈವಿಂಗ್ ಕಲಿತು ಲೈಸನ್ಸ್ ತೆಗೆದುಕೊಂಡಳು. ಮಗ ಶಿವಶರಣನಿಗೆ ಊರೊಳಗೇ ಕೆಲಸ. ಬೈಕಿನಲ್ಲಿ ಹೋಗುತ್ತಾನೆ, ಮಧ್ಯಾಹ್ನ ರೊಟ್ಟಿಗೆ ಮನೆಗೆ ಬರುತ್ತಾನೆ. ಕಾರು ಅವನಿಗೆ ಬೇಕಾಗಿದ್ದು ಒರೆಸಲಿಕ್ಕೆ.

ಸುಳ್ಳಲ್ಲ. ನಮ್ಮ ಮಂದಿಗೆ ಹೊಸ ವಸ್ತುವನ್ನು ಬಳಸುವುದಕ್ಕಿಂತ ಮುಚ್ಚಿಡುವುದರಲ್ಲಿ ಸುಖ ಹೆಚ್ಚು. ಟಿವಿ ರಿಮೋಟು ಪ್ಲಾಸ್ಟಿಕ್ಕಿನಲ್ಲಿ. ಫ್ರಿಜ್ಜಿನ ನೆತ್ತಿಗೆ ಹೊದಿಕೆ. ಸೋಫಾಕ್ಕೆ ಗವುಸು, ಗವುಸಿಗೆ ಮೇಲೊಂದು ಟವೆಲ್. ಒಳಗಿನ ಬಣ್ಣ ಯಾವುದು ಅಂತ ಮನೆಯವರೇ ಮರೆತಿರುತ್ತಾರೆ. (ನಿಮ್ಮ ಮನೆಯಲ್ಲಿ ಇಲ್ಲವೇ? ಹೋಗಿ ನೋಡಿ ಬಂದು ಮುಂದೆ ಓದಿ.)

ಶಿವಶರಣ ಸೀಟಿನ ಪ್ಲಾಸ್ಟಿಕ್ ಕವರು ಕೀಳಲು ಬಿಡಲಿಲ್ಲ. ಚಪ್ಪಲಿ ಕಳಚಿ, ಚೀಲಕ್ಕೆ ಹಾಕಿ, ಡಿಕ್ಕಿಯಲ್ಲಿಟ್ಟು ಹತ್ತಬೇಕು. ನಡೆಸುವವಳೂ ಬರಿಗಾಲಲ್ಲೇ ನಡೆಸಬೇಕು. ಕಂಪನಿಯವರು ಕಾಲಡಿಗೆ ರಬ್ಬರಿನ ಮ್ಯಾಟು ಕೊಟ್ಟಿದ್ದರು. ಅದು ಹೊಲಸಾಗಬಾರದು ಅಂತ ಅದರ ಮೇಲೆ ಕೌದಿಯ ತುಂಡು ಹಾಸಿದ. ಕೌದಿ ನಾನು ಹೊಲಿದದ್ದು, ಹಳೆಯ ಸೀರೆಗಳದು. ಹಾಸಿಗೆಗೆ ಅಂತ ಹೊಲಿದಿದ್ದೆ. ಅವನು ಕತ್ತರಿ ಹಾಕುವಾಗ ನನ್ನನ್ನು ಕೇಳಲಿಲ್ಲ.

ಈಗ ರಾಡಿಗೆ ವಾಪಸ್ ಹೋಗೋಣ.

ಟ್ರಾಕ್ಟರಿಗೆ ಕಟ್ಟಿ ಎಳೆಸಿ ಕಾರನ್ನು ಮನೆಗೆ ತಂದರು. ಮರುದಿನ ಶೋರೂಮಿನವರು ಬಂದು ಒಯ್ಯುವವರಿದ್ದರು. ಅಷ್ಟರೊಳಗೆ ಶಿವಶರಣ ಏನು ಮಾಡಿದ ಗೊತ್ತೇ? ಕಾರು ತೊಳೆದ. ಹೊರಗೆ ತೊಳೆದ, ಒಳಗೆ ಒರೆಸಿದ, ಕೌದಿ ತೆಗೆದು ಸಾಬೂನು ಹಚ್ಚಿ ಒಗೆದು ತಂತಿಗೆ ಹಾಕಿದ.

"ಯಾಕೋ, ಅವರು ನೋಡ್ಲಿಕ್ಕೇ ಬರ್ತಾರಲ್ಲ?" ಅಂದೆ.

"ಹಿಂಗ ಹೊಲಸು ಗಾಡಿ ಕೊಟ್ರ ಮಂದಿ ಏನಂತಾರವ್ವ?" ಅಂದ.

ಬೀಗರು ಬರುತ್ತಾರೆ ಅಂದರೆ ಅಂಗಳ ಬಳಿಯುವುದು ಸರಿ. ಇವನು ತಪ್ಪು ಹುಡುಕುವವರು ಬರುತ್ತಾರೆ ಅಂತ ಬಳಿದ.

ಅಷ್ಟರಲ್ಲಿ ಓಣಿಯವರ ತೀರ್ಪುಗಳೂ ಬಂದಿದ್ದವು. ಪಕ್ಕದ ಮನೆಯ ಗುರಮ್ಮ ಕೇಳಿದಳು, "ಪೂಜಾದಾಗ ಗಾಲಿ ಬುಡಕ ಲಿಂಬಿಹಣ್ಣ ಇಟ್ಟಿದ್ರಲ್ಲ, ಬರೋಬರಿ ಒಡದಿದ್ವಾ?"

"ಒಂದು ಜಾರಿ ಗಟಾರಕ್ಕ ಹೋಗಿತ್ತು."

"ಅದೇ ನೋಡ್ರಿ ಮತ್ತ."

ಇಷ್ಟು ಜಲ್ದಿ ಫಾಲ್ಟು ಹುಡುಕುವ ಎಂಜಿನಿಯರು ಯಾವ ಕಂಪನಿಯಲ್ಲಿ ಇದ್ದಾನೆ?

ಮನೆಯೊಳಗಿನ ತೀರ್ಪು ಬೇರೆ ಇತ್ತು. "ಗಾಬರಿ ಆಗಿ ಬ್ರೇಕ್ ಅಂತ ಎಕ್ಸಿಲೇಟರ್ ಒತ್ತ್ಯಾಳ. ಹೆಣ್ಮಕ್ಕಳು ಎಲ್ಲಾ ಹಂಗೇ," ಅಂದ ಮಗ.

"ನಾ ಬ್ರೇಕೇ ಒತ್ತೀನ್ರಿ," ಅಂದಳು ಸೊಸೆ. "ಕಾಲಿಗೆ ಏನೋ ಮೆತ್ತಗ ಸಿಕ್ಕಿತ್ತು."

"ಮೆತ್ತಗ? ಒಳಗ ಬೆಕ್ಕ ಮಲಗಿತ್ತೇನು?"

ನಾನು ಯಾರ ಪರವೂ ವಹಿಸಲಿಲ್ಲ. ಕಾಲು ತಪ್ಪುವುದು ಉಂಟು. ಗಾಬರಿಯಲ್ಲಿ ಯಾವ ಕಾಲು ಎಲ್ಲಿ ಬಿತ್ತು ಅಂತ ಯಾರು ಆಣೆ ಮಾಡಿ ಹೇಳುತ್ತಾರೆ? ನಾನು ಪಕ್ಕದಲ್ಲೇ ಇದ್ದೆ, ಆದರೆ ರಸ್ತೆ ನೋಡುತ್ತಿದ್ದೆ, ಅವಳ ಕಾಲನ್ನಲ್ಲ. ನೋಡದ್ದನ್ನು ನೋಡಿದೆ ಅನ್ನುವ ಚಟ ನನಗಿಲ್ಲ.

ಶೋರೂಮಿನವನು ಕಾರಿಗೆ ವೈರು ಚುಚ್ಚಿ ಲ್ಯಾಪ್‌ಟಾಪು ನೋಡಿದನಂತೆ. ಗಾಡಿ ವಾಪಸ್ ಬಿಡಲು ಬಂದಾಗ ಹೇಳಿದ, "ಗಾಡಿ ಪರ್ಫೆಕ್ಟ್ ಅದರಿ ಸರ್. ಎಕ್ಸಿಲೇಟರ್ ಫುಲ್ ಒತ್ತಿತ್ತು ಅಂತ ಕಂಪ್ಯೂಟರದಾಗ ಬಂದದ. ಮೇಡಮ್‌ಗೆ ಜರಾ ಪ್ರಾಕ್ಟೀಸ್ ಬೇಕು."

"ಒತ್ತಿತ್ತು ಸರಿ. ಒತ್ತಿದವರು ಯಾರು ಅಂತ ಬಂದದೇನು?" ಅಂತ ಮಹಾನಂದಾ ಕೇಳಿದಳು.

ಅವನು ನಕ್ಕ. ಉತ್ತರ ಸರ್‌ಗೆ ಹೇಳಿದ, "ಹೆಣ್ಮಕ್ಕಳಿಗೆ ಸಿಟ್ಟ್ ಬರ್ತದರಿ."

ಅವತ್ತು ಕೀಲಿ ಮಗನ ಜೇಬಿಗೆ ಹೋಯಿತು. ಒಗೆದು ಒಣಗಿಸಿದ ಕೌದಿ ಕಾರಿನೊಳಕ್ಕೆ ಹೋಯಿತು. ಸೊಸೆ ಬಸ್ಸಿಗೆ ಹೋದಳು.

ಬಸ್ಸಿಗೆ ಹೋಗುವುದು ಏನು ದೊಡ್ಡದು ಅನ್ನಬಹುದು. ನಾನೂ ಅಂದೆ. ಆಮೇಲೆ ಅವಳು ಒಂದು ಸಂಜೆ ಹೇಳಿದಳು, "ಅತ್ತಿ, ಮತ್ತ ಲೇಟಾದ್ರ ಮ್ಯಾಲಿನವರಿಗೆ ಬರೀತೀನಿ ಅಂದಾರ ಹೆಡ್ಮಾಸ್ತರು. ಶಾಲಿ ಬಿಡಬೇಕಾಗ್ತದೋ ಏನೋ." ಅಳಲಿಲ್ಲ. ಹಿಟ್ಟು ನಾದುತ್ತಾ ಹೇಳಿದಳು. ಮನೆಯಲ್ಲಿ ಕಾರು, ಗಂಡನ ಜೇಬಿನಲ್ಲಿ ಕೀಲಿ, ಕೈಯಲ್ಲಿ ಲೈಸನ್ಸು. ಇಷ್ಟಿದ್ದೂ ಕೆಲಸ ಹೋಗುತ್ತದೆ ಅಂದರೆ ಅದು ಕಾಲಿನ ತಪ್ಪಲ್ಲ ಅಂತ ನನಗೆ ಅವತ್ತು ಅನ್ನಿಸಿತು.

ಅದೇ ವಾರ ರಜೆ ಬಂತು. ವಾಡಿಯಲ್ಲಿ ಸೊಸೆಯ ಅಣ್ಣನ ಮನೆಗೆ ಹೊರಟೆವು. ಸ್ಟೇರಿಂಗ್ ಮಗನ ಕೈಯಲ್ಲಿ. ಸೊಸೆ ಅವನ ಪಕ್ಕ, ನಾನು ಹಿಂದೆ. ದಾರಿಯುದ್ದಕ್ಕೂ ಪಾಠ ನಡೆಯಿತು. "ಹಿಂಗ ನೋಡು, ಕಾಲು ಹಿಂಗ ಇಡಬೇಕು. ದಿಮಾಕ ಠಂಡಾ ಇಟ್ಕೋಬೇಕು." ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ವಾಡಿ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹೋಗೇ ಹೋಯಿತು. ನಮ್ಮ ಮುಂದೆ ಮಂದಿ ತುಂಬಿದ ಟಂಟಂ, ಎಡಕ್ಕೆ ಸಿಮೆಂಟ್ ತುಂಬಿದ ಬಲ್ಕರ್ ಲಾರಿ. ಗೇಟು ಎದ್ದಿತು. ಎಲ್ಲರಿಗಿಂತ ಮೊದಲು ದಾಟಬೇಕು ಅಂತ ನಮ್ಮ ಕಡೆ ಎಲ್ಲರಿಗೂ ಇರುತ್ತದೆ, ಶಿವಶರಣನಿಗೂ ಇತ್ತು. ಜೋರಾಗಿ ಒತ್ತಿದ.

ಕಾರು ಗುರ್ ಅಂತು. ಆ ಸದ್ದು ನನಗೆ ಗೊತ್ತಿತ್ತು.

"ಲೇ, ಲೇ, ಲೇ," ಅಂದ ಮಗ, ಕಾರಿಗೆ. ಎತ್ತಿಗೆ ಅಂದ ಹಾಗೆ.

"ನ್ಯೂಟ್ರಲ್ ಹಾಕ್ರಿ," ಅಂದಳು ಸೊಸೆ.

"ಬ್ರೇಕ್ ಹತ್ತವಲ್ತು, ಬ್ರೇಕ್ ಹತ್ತವಲ್ತು."

ಅವಳೇ ಕೈ ಚಾಚಿ ಗೇರಿನ ಕೋಲನ್ನು ನ್ಯೂಟ್ರಲ್ಲಿಗೆ ತಳ್ಳಿದಳು. ಇಂಜಿನ್ ಹುಚ್ಚು ಹಿಡಿದ ಹಾಗೆ ಒದರುತ್ತಲೇ ಇತ್ತು, ಆದರೆ ಗಾಲಿಗೆ ಜೋರು ಇರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ನಿಂತಿತು. ಕೀಲಿ ತಿರುಗಿಸಿ ಇಂಜಿನ್ನೂ ಆರಿಸಿದಳು. (ರಾಡಿಯ ಪ್ರಸಂಗ ಆದ ಮೇಲೆ ಮೊಬೈಲಿನಲ್ಲಿ ಹುಡುಕಿ ಕಲಿತಿದ್ದಳಂತೆ. ಕಾರಿರುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ಗಾಡಿ ತಾನೇ ಓಡಿದರೆ ಮೊದಲು ನ್ಯೂಟ್ರಲ್, ಬ್ರೇಕು ಗಟ್ಟಿ ಒತ್ತಿ ಹಿಡಿಯುವುದು, ನಿಂತ ಮೇಲೆ ಕೀಲಿ.)

ಟಂಟಂನ ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಒಬ್ಬ ಹೆಣ್ಣುಮಗಳು ಕೂತಿದ್ದಳು. ನಮ್ಮ ಕಾರಿನ ಮೂತಿ ಅವಳ ಕಾಲಿಗೆ ತಾಗುವಷ್ಟು ಹತ್ತಿರ ಬಂದಿತ್ತು. ಅವಳು ಕಾಲು ಮೇಲೆ ಮಡಚಿಕೊಂಡು ಶಿವಶರಣನ ಮುಖ ನೋಡಿದಳು. "ಏನಣ್ಣಾ, ಒಳಗ ಬರ್ತೀಯೇನು? ಜಾಗ ಇಲ್ಲ," ಅಂದಳು.

ಮಗನ ಮೊದಲ ಮಾತು ಇದು: "ಗಾಡ್ಯಾಗ ಫಾಲ್ಟ್ ಅದ."

ಗಮನಿಸಿದಿರಾ? ಅವಳ ಕಾಲು ಇದ್ದಾಗ ಕಾಲಿನ ತಪ್ಪು. ಇವನ ಕಾಲು ಇದ್ದಾಗ ಗಾಡಿಯ ತಪ್ಪು. ಗಂಡಸರೂ ಗಾಬರಿ ಬಿದ್ದು ಎಕ್ಸಿಲೇಟರ್ ಒತ್ತುತ್ತಾರೇನೋ ಅಂತ ಅವನಿಗೆ ಒಂದು ಚಣ ಕೂಡ ಅನುಮಾನ ಬರಲಿಲ್ಲ.

ಇಳಿಯಲು ಹೋದ, ಕಾಲು ಬರಲಿಲ್ಲ. ಬಗ್ಗಿ ನೋಡಿದ. ಕೌದಿ ರಬ್ಬರಿನ ಮೇಲಿಂದ ಜಾರಿ ಮುಂದೆ ಹೋಗಿ ಮುದ್ದೆಯಾಗಿತ್ತು. ಒಂದು ಮಡಿಕೆ ಎಕ್ಸಿಲೇಟರಿನ ಮೇಲೆ ಕವುಚಿಕೊಂಡು ಅದನ್ನು ಒತ್ತಿ ಹಿಡಿದಿತ್ತು. ಇನ್ನೊಂದು ಬ್ರೇಕಿನ ಬುಡಕ್ಕೆ ತುರುಕಿಕೊಂಡಿತ್ತು. ಜಗ್ಗಿದ, ಬರಲಿಲ್ಲ. ನನ್ನ ಹೊಲಿಗೆ ಗಟ್ಟಿ. ಕೊನೆಗೆ ಎರಡೂ ಕೈ ಹಾಕಿ ಕಿತ್ತು ಹೊರತೆಗೆದ.

ಮಹಾನಂದಾ ಅದನ್ನು ನೋಡಿದಳು, ಅವನನ್ನು ನೋಡಿದಳು.

"ಮೆತ್ತಗ ಇತ್ತೇನ್ರಿ?" ಅಂದಳು.

ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಓಣಿಗೆ ಬಂದ ಮೇಲೆ ಬೇರೆ ಕಥೆ ಶುರುವಾಯಿತು. "ಗಾಡಿ ಕೈ ಬಿಟ್ಟೇ ಬಿಟ್ಟಿತ್ತು. ನಾ ಇದ್ದೆ ಅಂತ ಉಳೀತ್ರಿ," ಅಂತ ಗುರಮ್ಮನಿಗೆ ಶಿವಶರಣ ಹೇಳುವುದು ಅಡುಗೆಮನೆಗೆ ಕೇಳಿಸಿತು. ಗುರಮ್ಮ ಮತ್ತೆ ಲಿಂಬಿಹಣ್ಣಿನ ಸುದ್ದಿ ತೆಗೆದಳು. ಕೌದಿಯ ಸುದ್ದಿ ಇಬ್ಬರೂ ತೆಗೆಯಲಿಲ್ಲ. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿಗೆ ಅವತ್ತು ಎರಡು ಏಟು ಹೆಚ್ಚು ಬಿದ್ದವು.

ರಾತ್ರಿ ಊಟಕ್ಕೆ ಕೂತಾಗ ಮಗ ಹೇಳಿದ, "ಇನ್ನ ಆ ಗಾಡಿ ಯಾರೂ ಮುಟ್ಟಬ್ಯಾಡ್ರಿ. ಗಿರಾಕಿ ನೋಡಿ ಮಾರಿಬಿಡೋಣು. ನೆನಸಿಕೊಂಡ್ರ ನಂದು ಎದಿ ಢವಢವ ಅಂತದ."

"ಕೌದಿ ತಗದೀಯಲ್ಲೋ," ಅಂದೆ. "ಇನ್ನೇನು ಫಾಲ್ಟ್ ಉಳೀತು ಅದರಾಗ?"

"ಕೌದಿ ತಗದ್ರ ಅಂಜಿಕಿ ಹೋಗ್ತದೇನವ್ವ?"

"ಅಂಜಿಕಿ ಇದ್ದವರು ನಡಸಬ್ಯಾಡ್ರಿ," ಅಂದಳು ಮಹಾನಂದಾ. "ನಂಗ ಇಲ್ಲ. ಕೀಲಿ ಕೊಡ್ರಿ."

"ನೋಡೋಣು," ಅಂದ.

ಈ ನೋಡೋಣು ಎಂಬ ಮಾತಿನ ಅರ್ಥ ಗಂಡಸರಿಗೆ ಗೊತ್ತಿದೆಯೋ ಇಲ್ಲವೋ, ಹೆಂಗಸರಿಗೆಲ್ಲ ಗೊತ್ತಿದೆ. ನಾನು ಅಕ್ಷರ ಕಲಿತದ್ದು ಕೂದಲು ಹಣ್ಣಾದ ಮೇಲೆ. ಈ ಅರ್ಥ ಮದುವೆಯಾದ ವರ್ಷವೇ ಕಲಿತೆ.

ಮಗ ಕೆಟ್ಟವನಲ್ಲ. ಅವನ ಎದೆ ನಿಜವಾಗಿಯೂ ಢವಢವ ಅನ್ನುತ್ತದೆ, ನಾನು ಕೈಯಿಟ್ಟು ನೋಡಿದ್ದೇನೆ. ರಾಡಿಯೊಳಗೆ ಹೋದ ದಿನ ಸೊಸೆಯ ಎದೆಯೂ ಹಾಗೇ ಬಡಿದುಕೊಂಡಿರಬೇಕು. ಯಾರೂ ಕೈಯಿಟ್ಟು ನೋಡಲಿಲ್ಲ, ನಾನೂ ನೋಡಲಿಲ್ಲ. ಅವಳು ನೀರು ಕುಡಿದು, ಸೀರೆಯ ರಾಡಿ ಝಾಡಿಸಿಕೊಂಡು, ಕುಬಸಕ್ಕೆ ತಡವಾಯಿತು ಅಂದಿದ್ದಳು.

ಈಗ ಕಾರು ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ಗಿರಾಕಿ ಇನ್ನೂ ಬಂದಿಲ್ಲ. ಇವತ್ತು ಮುಂಜಾನೆಯೂ ಮಹಾನಂದಾ ಅದರ ಪಕ್ಕದಿಂದಲೇ ಬುತ್ತಿಚೀಲ ಹಿಡಿದು ನಡೆದುಹೋದಳು. ಶಿವಶರಣ ಇನ್ನೂ ಮಲಗಿದ್ದ.

ಅಂಜಿದವನು ಅವನು. ಬಸ್ಸು ಹತ್ತುವವಳು ಅವಳು ಯಾಕೆ?